ಡಬ್ಬಿಯ ಮೇಲೆ ಡ್ರ್ಯಾಗನ್, ಪರದೆಯಲ್ಲಿ ಬಾತುಕೋಳಿ

ಅಮೆರಿಕದ ಅಟಾರಿ ಕಂಪೆನಿ 1980ರಲ್ಲಿ ‘ಅಡ್ವೆಂಚರ್’ ಎಂಬ ವಿಡಿಯೊ ಗೇಮ್ ಮಾರುಕಟ್ಟೆಗೆ ತಂದಿತು. ಅದರ ಡಬ್ಬಿಯ ಮೇಲೆ ಸೂಸನ್ ಜೇಕಲ್ ಎಂಬ ಕಲಾವಿದೆ ಬರೆದ ಬಣ್ಣದ ಚಿತ್ರವಿತ್ತು. ಕೋಟೆ, ಚಕ್ರವ್ಯೂಹದಂತೆ ಸುತ್ತಿ ಬಳಸಿ ಸಾಗುವ ದಾರಿ, ಡ್ರ್ಯಾಗನ್, ಹೀಗೆ ಮಕ್ಕಳ ಕಣ್ಣು ಅರಳಿಸುವ ಸರಕೆಲ್ಲ ಅದರಲ್ಲಿತ್ತು. ಮನೆಗೆ ತಂದು ಟಿ.ವಿ.ಗೆ ಜೋಡಿಸಿದರೆ ಕಾಣುತ್ತಿದ್ದುದೇ ಬೇರೆ. ಕಥಾನಾಯಕ ಒಂದು ಪುಟ್ಟ ಚೌಕ, ಅಷ್ಟೆ. ಡ್ರ್ಯಾಗನ್ನೋ, ನೋಡಿದವರಿಗೆಲ್ಲ ಬಾತುಕೋಳಿಯನ್ನು ನೆನಪಿಸುತ್ತಿತ್ತು. ಆದರೂ ಆ ಆಟದ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು.

ಹಾಗಾದರೆ ಡಬ್ಬಿಯ ಚಿತ್ರ ಸುಳ್ಳು ಹೇಳಿತೆ? ವಿಡಿಯೊ ಗೇಮ್ ಮಾರಾಟದ ಸುಮಾರು ಐವತ್ತು ವರ್ಷಗಳ ಇತಿಹಾಸದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತಿದೆ. ಅಂಗಡಿಯ ಕಪಾಟಿನಲ್ಲಿದ್ದ ಡಬ್ಬಿ ಇಂದು ಕಂಪ್ಯೂಟರ್ ಮತ್ತು ಮೊಬೈಲ್ ಪರದೆಯ ಮೇಲೆ ಅಂಚೆಚೀಟಿಯಷ್ಟು ಚಿತ್ರವಾಗಿದೆ. ಅದನ್ನು ಥಂಬ್‌ನೇಲ್ ಅಥವಾ ಹೆಬ್ಬೆರಳಿನ ಉಗುರು ಎಂದೇ ಕರೆಯುತ್ತಾರೆ. ಗಾತ್ರ ಕುಗ್ಗಿದ್ದರೂ ಪ್ರಶ್ನೆ ಮಾತ್ರ ಕುಗ್ಗಿಲ್ಲ.

ಅಟಾರಿಯ ಮನೆಬಳಕೆಯ ಆಟದ ಯಂತ್ರ ಅಂಗಡಿಗೆ ಬಂದದ್ದು 1977ರಲ್ಲಿ. ಅದರ ನೆನಪಿನ ಶಕ್ತಿ ಕೇವಲ 128 ಬೈಟ್. ಇಂದಿನ ಮೊಬೈಲ್‌ನಲ್ಲಿ ಕಳಿಸುವ ಒಂದು ಸಾಲಿನ ಕನ್ನಡ ಸಂದೇಶಕ್ಕೂ ಅದು ಸಾಲದೇ ಹೋಗಬಹುದು. ಪರದೆಯ ಮೇಲೆ ಅಡ್ಡಕ್ಕೆ 160, ಉದ್ದಕ್ಕೆ 192 ಚುಕ್ಕಿಗಳನ್ನು ಮೂಡಿಸುವಷ್ಟರಲ್ಲೇ ಯಂತ್ರಕ್ಕೆ ಏದುಸಿರು. ಇಂಥ ಯಂತ್ರದಲ್ಲಿ ಟ್ಯಾಂಕ್ ಎಂದರೆ ನಾಲ್ಕಾರು ಚೌಕಗಳ ಗುಪ್ಪೆ. ಅದು ಟ್ಯಾಂಕ್ ಎಂದು ಗ್ರಾಹಕನಿಗೆ ಹೇಳುವವರು ಯಾರು? ಆ ಕೆಲಸ ಡಬ್ಬಿಯ ಪಾಲಿಗೆ ಬಂತು. ಕ್ಲಿಫ್ ಸ್ಪಾನ್ ಎಂಬ ಕಲಾವಿದ ‘ಕಾಂಬ್ಯಾಟ್’ ಆಟದ ಡಬ್ಬಿಗೆ ಟ್ಯಾಂಕು, ವಿಮಾನಗಳನ್ನೆಲ್ಲ ಒಂದರ ಮೈಮೇಲೆ ಇನ್ನೊಂದು ಹಾಯುವಂತೆ ಸೇರಿಸಿ ಚಿತ್ರ ಬರೆದ. ಸಿನಿಮಾ ಪೋಸ್ಟರಿನಲ್ಲಿ ನಾಯಕನ ಮುಖ, ಕುದುರೆ, ಬೆಂಕಿ ಎಲ್ಲ ಒಂದೇ ಕಡೆ ಕಲೆಯುವುದಿಲ್ಲವೆ, ಹಾಗೆ. ಮುಂದೆ ಅಟಾರಿಯ ಬಹುಪಾಲು ಡಬ್ಬಿಗಳಿಗೆ ಇದೇ ಮಾದರಿಯಾಯಿತು.

ಈ ಚಿತ್ರಗಳನ್ನು ಸುಳ್ಳು ಎನ್ನುವುದಕ್ಕಿಂತ ಆಟದ ಇನ್ನರ್ಧ ಎನ್ನುವುದೇ ಸರಿ. ಹುಡುಗ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಆಡುತ್ತಿದ್ದ, ಪರದೆಯ ಚೌಕಕ್ಕೆ ಡಬ್ಬಿಯ ಚಿತ್ರ ಜೀವ ತುಂಬುತ್ತಿತ್ತು. ಯಕ್ಷಗಾನದಲ್ಲಿ ಒಂದು ರಥಪೀಠ ಸಿಂಹಾಸನವೂ ಆಗುತ್ತದೆ, ರಥವೂ ಆಗುತ್ತದೆ. ಅಲ್ಲಿ ಭಾಗವತರು ಮಾಡುವ ಕೆಲಸವನ್ನು ಇಲ್ಲಿ ಚಿತ್ರಕಾರ ಮಾಡಿದ ಎನ್ನಬಹುದು. ಆ ಕಲಾವಿದರ ಹೆಸರುಗಳು ಬಹುಕಾಲ ಹೊರಗೆ ಅಷ್ಟಾಗಿ ಗೊತ್ತಿರಲಿಲ್ಲ. 2016ರಲ್ಲಿ ಟಿಮ್ ಲಪೆಟಿನೊ ಅವರ ‘ಆರ್ಟ್ ಆಫ್ ಅಟಾರಿ’ ಗ್ರಂಥ ಬಂದ ಮೇಲೆ ಆ ಕೊರತೆ ಬಹುಮಟ್ಟಿಗೆ ನೀಗಿತು.

ಎಲ್ಲರೂ ಅಟಾರಿಯ ಹಾದಿ ಹಿಡಿಯಲಿಲ್ಲ. ತಮ್ಮ ಹೆಸರಿಗೆ ಮನ್ನಣೆ ಇಲ್ಲವೆಂದು ಮುನಿದು ಅಟಾರಿ ಬಿಟ್ಟ ಪ್ರೋಗ್ರಾಮರುಗಳು 1979ರಲ್ಲಿ ಆ್ಯಕ್ಟಿವಿಷನ್ ಕಂಪೆನಿ ಕಟ್ಟಿದರು. ಇವರ ಡಬ್ಬಿಗಳ ಮೇಲೆ ಪರದೆಯಲ್ಲಿ ಕಾಣುವ ದೃಶ್ಯವೇ ತುಸು ಅಂದಗೊಂಡು ಕಾಣುತ್ತಿತ್ತು. ಅಷ್ಟರಲ್ಲಿ ಕಳಪೆ ಆಟಗಳು ಮಾರುಕಟ್ಟೆಗೆ ಪ್ರವಾಹದಂತೆ ನುಗ್ಗಿದವು. ಐದೇ ವಾರದಲ್ಲಿ ಬರೆದು ಮುಗಿಸಿದ ‘ಇ.ಟಿ.’ ಆಟ 1982ರಲ್ಲಿ ಹೆಸರುವಾಸಿ ಸಿನಿಮಾದ ಬಲದ ಮೇಲೆ ಬಂತು. ಮಾರಾಟವಾಗದೆ ಉಳಿದ ಅಟಾರಿ ಸರಕನ್ನು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗಾರ್ಡೊ ಪಟ್ಟಣದ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದಾಗ ‘ಇ.ಟಿ.’ ಪ್ರತಿಗಳೂ ಸಿಕ್ಕವು. ಡಬ್ಬಿ ನೋಡಿ ಕೊಳ್ಳುವ ನಂಬಿಕೆಯೂ ಅದರ ಜತೆಗೇ ಮಣ್ಣಾಗಿತ್ತು.

ಆ ನಂಬಿಕೆಯನ್ನು ಮತ್ತೆ ಗಳಿಸುವ ಹೊಣೆ ಜಪಾನಿನ ನಿಂಟೆಂಡೊ ಮೇಲೆ ಬಿತ್ತು. 1985ರಲ್ಲಿ ಅಮೆರಿಕಕ್ಕೆ ಕಾಲಿಟ್ಟಾಗ ಅದು ಮೊದಲ ಆಟಗಳನ್ನು ಕಪ್ಪು ಡಬ್ಬಿಗಳಲ್ಲಿ ತಂದಿತು. ಮೇಲಿದ್ದುದು ಆಟದೊಳಗಿನ ಗೊಂಬೆಗಳದೇ ಹಿಗ್ಗಿಸಿದ ರೂಪ. ಮೂಗು, ಮೀಸೆಗಳ ಚೌಕಗಳು ಕೂಡ ಎದ್ದು ಕಾಣುತ್ತಿದ್ದವು. ಕುಂದನ್ನೇ ಜಾಹೀರಾತು ಮಾಡಿಕೊಂಡ ಜಾಣತನ ಅದು!

ಚಿತ್ರ ಎಡವಿದರೆ ಆಗುವ ನಷ್ಟಕ್ಕೂ ಉದಾಹರಣೆಗಳಿವೆ. ಕ್ಯಾಪ್‌ಕಾಮ್ ಕಂಪೆನಿಯ ‘ಮೆಗಾ ಮ್ಯಾನ್’ 1987ರಲ್ಲಿ ಬಂತು. ಇದರ ನಾಯಕ ಒಬ್ಬ ರೋಬಾಟ್ ಬಾಲಕ, ಅವನ ತೋಳೇ ತೋಪು. ಅಮೆರಿಕದ ಡಬ್ಬಿಯ ಮೇಲೆ ಮಾತ್ರ ಸೊಟ್ಟ ಕಾಲಿನ ನಡುವಯಸ್ಕನೊಬ್ಬ ಕೈಯಲ್ಲಿ ಪಿಸ್ತೂಲು ಹಿಡಿದು ನಿಂತಿದ್ದ! ಆಟ ಆಡಿ ನೋಡದೆಯೇ ಬರೆದಂತಿದ್ದ ಆ ಚಿತ್ರ ಎಷ್ಟು ನಗೆಪಾಟಲಾಯಿತೆಂದರೆ, 2012ರಲ್ಲಿ ಕ್ಯಾಪ್‌ಕಾಮ್ ತಾನೇ ಅವನನ್ನು ಇನ್ನೊಂದು ಆಟದಲ್ಲಿ ವಿದೂಷಕನಂತೆ ತಂದು ನಿಲ್ಲಿಸಿತು.

2001ರ ‘ಈಕೊ’ ಆಟದ ಕಥೆ ನಗುವಂಥದಲ್ಲ. ನಿರ್ದೇಶಕ ಫುಮಿತೊ ಉವೆಡಾ ಇಟಲಿಯ ಕಲಾವಿದ ಡಿ ಕಿರಿಕೊನಿಂದ ಪ್ರೇರಣೆ ಪಡೆದು, ಉದ್ದ ನೆರಳು ಚಾಚಿದ ಕಟ್ಟಡಗಳ ನಡುವೆ ಕೈ ಹಿಡಿದು ಓಡುವ ಇಬ್ಬರು ಪುಟ್ಟ ಮಕ್ಕಳನ್ನು ಬರೆದಿದ್ದರು. ಜಪಾನ್ ಮತ್ತು ಯುರೋಪಿನಲ್ಲಿ ಅದೇ ಮುಖಪುಟವಾಯಿತು. ಅಮೆರಿಕದಲ್ಲಿ ಮಾತ್ರ ಕೊಂಬಿನ ಹುಡುಗನೊಬ್ಬ ಕೈಯಲ್ಲಿ ಬಡಿಗೆ ಹಿಡಿದು ದಿಟ್ಟಿಸುವ ಬೇರೆ ಚಿತ್ರ ಹಾಕಿದರು. ವಿಮರ್ಶಕರು ಹೊಗಳಿದರೂ ಆಟ ಅಲ್ಲಿ ಸರಿಯಾಗಿ ಓಡಲಿಲ್ಲ. ಅದಕ್ಕೆ ಮುಖಪುಟವೊಂದನ್ನೇ ಹೊಣೆ ಮಾಡಲಾಗದು. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರಿಗೆ ಉವೆಡಾ ಚಿತ್ರವನ್ನು ಯಾಕೆ ಬಿಟ್ಟರೋ ಎನಿಸದಿರದು.

ಅಂಗಡಿಯೇ ಕಂಪ್ಯೂಟರಿನೊಳಕ್ಕೆ ಸರಿದಾಗ ಲೆಕ್ಕಾಚಾರ ತಲೆಕೆಳಗಾಯಿತು. ವಾಲ್ವ್ ಕಂಪೆನಿಯ ‘ಸ್ಟೀಮ್’ 2003ರಲ್ಲಿ ಶುರುವಾಯಿತು, ಆ್ಯಪಲ್‌ನ ಆ್ಯಪ್ ಸ್ಟೋರ್ 2008ರಲ್ಲಿ. ಸ್ಟೀಮ್‌ನಲ್ಲಿ ಈ ಚಿತ್ರಕ್ಕೆ ‘ಕ್ಯಾಪ್ಸೂಲ್’ ಎಂದು ಹೆಸರು. ಹುಡುಕಾಟದ ಪಟ್ಟಿಯಲ್ಲಿ ಅದು ಬಹುಕಾಲ ಕಾಣುತ್ತಿದ್ದುದು ಅಡ್ಡ 120, ಉದ್ದ 45 ಚುಕ್ಕಿಗಳಲ್ಲಿ. ಗುಣಿಸಿದರೆ 5,400. ಅಟಾರಿಯ ಬಡ ಪರದೆಯಲ್ಲೇ 30,720 ಚುಕ್ಕಿಗಳಿದ್ದವು. ಆಗ ಆಟ ಬಡವಾಗಿತ್ತು, ಚಿತ್ರ ಸಿರಿವಂತವಾಗಿತ್ತು. ಈಗ ಆಟ ಸಿನಿಮಾಕ್ಕೆ ಸಡ್ಡು ಹೊಡೆಯುತ್ತದೆ, ಅದನ್ನು ಮಾರುವ ಚಿತ್ರ ಅಟಾರಿ ಪರದೆಗಿಂತಲೂ ಬಡವ.

ಗಾಂಧಿನಗರದ ಕಟೌಟ್ ಬರೆಯುವವರಿಗೆ ಐವತ್ತು ಅಡಿ ಎತ್ತರವಿತ್ತು. ಇಲ್ಲಿ ಸಿಗುವುದು ಉಗುರಗಲ. ಆದ್ದರಿಂದ ಈ ಕಸುಬಿನ ಪಾಠಗಳೇ ಬೇರೆ. ಹತ್ತು ಪಾತ್ರಗಳನ್ನು ತುರುಕಿದರೆ ಒಂದೂ ಕಾಣದು, ಒಂದು ಮುಖ ಅಥವಾ ಒಂದು ವಸ್ತು ಸಾಕು. ಹಿನ್ನೆಲೆಗೂ ವಸ್ತುವಿಗೂ ಬೆಳಕು-ಕತ್ತಲಿನ ಅಂತರ ಇರಬೇಕು. ಅದನ್ನು ಪರೀಕ್ಷಿಸಲು ಕಲಾವಿದರು ಬಣ್ಣ ತೆಗೆದು ಕಪ್ಪುಬಿಳುಪಿನಲ್ಲಿ ನೋಡುತ್ತಾರೆ, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅತಿ ಚಿಕ್ಕ ಕ್ಯಾಪ್ಸೂಲನ್ನು ಆಟದ ಹೆಸರೇ ಬಹುಪಾಲು ತುಂಬಿರಬೇಕು ಎಂಬುದು ವಾಲ್ವ್‌ನ ಸಲಹೆ. ಇದು ತೋಟ ಮಾಡುವ ಆಟವೋ ದೆವ್ವದ ಆಟವೋ ಎಂಬುದೂ ಕ್ಷಣಾರ್ಧದಲ್ಲಿ ತಿಳಿಯಬೇಕು. 2024ರ ಒಂದೇ ವರ್ಷ ಸ್ಟೀಮ್‌ಗೆ 18 ಸಾವಿರಕ್ಕೂ ಹೆಚ್ಚು ಆಟಗಳು ಬಂದವು. ಮೂರು ನಾಲ್ಕು ವರ್ಷ ಒಬ್ಬನೇ ಕೂತು ಆಟ ಕಟ್ಟಿದವನ ಅನ್ನ ಈ ಕ್ಷಣಾರ್ಧದಲ್ಲಿದೆ.

ಮೊಬೈಲ್‌ನಲ್ಲಿ ಪೈಪೋಟಿ ಇನ್ನೂ ಬಿರುಸು. 2012ರ ‘ಕ್ಲಾಷ್ ಆಫ್ ಕ್ಲ್ಯಾನ್ಸ್’ ಬಾಯಿ ತೆರೆದು ಅಬ್ಬರಿಸುವ ಮೀಸೆಯವನನ್ನು ಗುರುತಾಗಿ ಮಾಡಿಕೊಂಡು ಗೆದ್ದದ್ದೇ ತಡ, ಅಂಗಡಿಯ ತುಂಬ ಬಾಯಿ ತೆರೆದ ಮುಖಗಳೇ. 2015ರಿಂದ ಗೂಗಲ್ ಪ್ಲೇ ಅಂಗಡಿಯಲ್ಲಿ ಇನ್ನೊಂದು ಅನುಕೂಲವೂ ಬಂತು. ಒಂದೇ ಆಟಕ್ಕೆ ಎರಡು ಮೂರು ಚಿತ್ರ ಕೊಟ್ಟು, ಗ್ರಾಹಕರಿಗೆ ಹಂಚಿ ತೋರಿಸಿ, ಹೆಚ್ಚು ಜನ ಇಳಿಸಿಕೊಂಡ ಚಿತ್ರವನ್ನು ಉಳಿಸಿಕೊಳ್ಳಬಹುದು. ಕಲಾವಿದನ ಅಭಿರುಚಿಗಿಂತ ಎಣಿಕೆಯೇ ಮೇಲಾಯಿತು. ಎಣಿಕೆಗೆ ಸತ್ಯ ಸುಳ್ಳು ಗೊತ್ತಿಲ್ಲವಲ್ಲ! ‘ಹೋಮ್‌ಸ್ಕೇಪ್ಸ್’ ಮತ್ತು ‘ಗಾರ್ಡನ್‌ಸ್ಕೇಪ್ಸ್’ ಆಟಗಳ ಜಾಹೀರಾತುಗಳು ತೋರಿಸಿದ್ದು ಒಂದು ಬಗೆಯ ಆಟ, ಒಳಗೆ ಮುಖ್ಯವಾಗಿ ಇದ್ದದ್ದು ಇನ್ನೊಂದು. ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ 2020ರಲ್ಲಿ ಆ ಜಾಹೀರಾತುಗಳಿಗೆ ತಡೆ ಹಾಕಿತು.

ವಾಲ್ವ್ ಕೂಡ 2022ರ ಸೆಪ್ಟೆಂಬರ್ 1ರಿಂದ ಕಟ್ಟಳೆ ತಂದಿತು. ಕ್ಯಾಪ್ಸೂಲಿನ ಮೇಲೆ ಆಟದ ಚಿತ್ರ ಮತ್ತು ಹೆಸರು ಮಾತ್ರ ಇರಬೇಕು. ಪ್ರಶಸ್ತಿಯ ಹೆಸರು, ವಿಮರ್ಶಕರ ಅಂಕ, ರಿಯಾಯ್ತಿಯ ಡಂಗುರ ಯಾವುದೂ ಕೂಡದು. ಅಷ್ಟು ಸಣ್ಣ ಜಾಗದಲ್ಲಿ ಇವೆಲ್ಲ ಓದಲಾಗದ ಇರುವೆ ಸಾಲಾಗುತ್ತಿದ್ದವು, ಇಂಗ್ಲಿಷ್ ಬಾರದವರಿಗಂತೂ ಅರ್ಥವೇ ಆಗುತ್ತಿರಲಿಲ್ಲ.

ಇದಕ್ಕೆ ಮೂರು ವರ್ಷ ಮುಂಚೆ, 2019ರಲ್ಲಿ, ಸ್ಟೀಮ್ ತನ್ನ ಗ್ರಾಹಕರ ಸಂಗ್ರಹದ ಪುಟವನ್ನು ಬದಲಿಸಿ ಹೊಸದೊಂದು ಅಳತೆಯನ್ನು ಗೊತ್ತುಮಾಡಿತ್ತು: ಅಡ್ಡ 600, ಉದ್ದ 900 ಚುಕ್ಕಿಗಳು. ಅಂದರೆ ಕಪಾಟಿನಲ್ಲಿ ನಿಲ್ಲಿಸಿದ ಡಬ್ಬಿಯ ಆಕಾರವೇ ಮರಳಿ ಬಂತು. ತಯಾರಕರು ಕೈಬಿಟ್ಟ ಎಷ್ಟೋ ಹಳೆಯ ಆಟಗಳಿಗೆ ಆ ಅಳತೆಯ ಚಿತ್ರವೇ ಇರಲಿಲ್ಲ. ಅಭಿಮಾನಿಗಳು ತಾವೇ ಬರೆದು ಒಬ್ಬರಿಗೊಬ್ಬರು ಪುಕ್ಕಟೆಯಾಗಿ ಹಂಚಿಕೊಳ್ಳತೊಡಗಿದರು. ಆ ಆಟಗಳನ್ನು ಅವರು ಎಂದೋ ಕೊಂಡಾಗಿತ್ತು.