ರೋಬಾಟ್‌ನಿಂದ ಅಪಘಾತವಾದರೆ ಹೊಣೆ ಯಾರದು?

ಕೊಯಮತ್ತೂರಿನ ನೂಲಿನ ಗಿರಣಿಗಳಲ್ಲಿ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ, ಸೋಮನೂರು–ಪಲ್ಲಡಂ ಕಡೆಯ ಮಗ್ಗಗಳಲ್ಲಿ ನಮ್ಮ ಕನ್ನಡಿಗರು ಮಾಲೀಕರಾಗಿಯೂ ಇದ್ದಾರೆ, ಕಾರ್ಮಿಕರಾಗಿಯೂ ಇದ್ದಾರೆ. ಮ್ಯಾನ್‌ಹೋಲ್ ಸ್ವಚ್ಛತೆಗೆ ಕೊಯಮತ್ತೂರು ಪಾಲಿಕೆಯೂ ರೋಬಾಟ್ ಬಳಸಿದೆ. ಇಂಥ ಯಂತ್ರಗಳ ಬಗ್ಗೆ ಕಾನೂನು ಏನು ಹೇಳುತ್ತದೆ ಎಂಬುದನ್ನು ಸದಸ್ಯರ ಮಾಹಿತಿಗಾಗಿ ಇಲ್ಲಿ ನೀಡಿದ್ದೇವೆ.

ರೋಬಾಟ್‌ಗೆ ಕಾನೂನಿನ ಸ್ಥಾನ ಇದೆಯೇ?
ಇಲ್ಲ. ನಮ್ಮ ದೇಶದಲ್ಲಿ ಕಂಪನಿಯನ್ನು ಕಾನೂನು ವ್ಯಕ್ತಿ ಎಂದು ಒಪ್ಪುತ್ತದೆ. ಪ್ರತಿಷ್ಠಾಪಿಸಿದ ದೇವರ ಮೂರ್ತಿಯನ್ನೂ ಒಪ್ಪುತ್ತದೆ. ಇವರ ಹೆಸರಿನಲ್ಲಿ ಆಸ್ತಿ ಇರಬಹುದು, ದಾವೆ ಹೂಡಬಹುದು. ರೋಬಾಟ್ ಎಷ್ಟೇ ಬುದ್ಧಿಯದ್ದಾದರೂ ಅದು ಸೊತ್ತು ಮಾತ್ರ. 'ಎಲೆಕ್ಟ್ರಾನಿಕ್ ವ್ಯಕ್ತಿ' ಎಂಬ ಸ್ಥಾನದ ಸಾಧ್ಯತೆ ಪರಿಶೀಲಿಸುವಂತೆ ಯುರೋಪಿನ ಸಂಸತ್ತು 2017ರಲ್ಲಿ ಸೂಚಿಸಿತ್ತು, ಅದು ಕಾನೂನಾಗಲಿಲ್ಲ.

ಹಾಗಾದರೆ ಹೊಣೆ ಯಾರದು?
ಮನುಷ್ಯರದೇ. 2015ರಲ್ಲಿ ಹರಿಯಾಣದ ಮಾನೇಸರ್‌ನಲ್ಲಿ ರೋಬಾಟ್ ತಗುಲಿ ಕಾರ್ಮಿಕರೊಬ್ಬರು ತೀರಿಕೊಂಡಾಗ ಪೊಲೀಸರು ಪ್ರಕರಣ ದಾಖಲಿಸಿದ್ದು ಕಾರ್ಖಾನೆ ನಡೆಸುವವರ ಮೇಲೆ. ಯಂತ್ರಕ್ಕೆ ಬೇಲಿ, ತರಬೇತಿ, ಮೇಲ್ವಿಚಾರಣೆ ಇವೆಲ್ಲ ಕಾರ್ಖಾನೆ ನಡೆಸುವವರ ಕರ್ತವ್ಯ. "ಯಂತ್ರ ತಾನೇ ನಿರ್ಧಾರ ಮಾಡಿತು" ಎಂದು ಹೇಳಿ ಅದರಿಂದ ಜಾರಿಕೊಳ್ಳಲಾಗದು.

ತಯಾರಕರಿಗೆ ಹೊಣೆ ಇಲ್ಲವೇ?
ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ಉತ್ಪನ್ನದಿಂದಾದ ಹಾನಿಗೆ ತಯಾರಕರನ್ನೂ ಮಾರಾಟಗಾರರನ್ನೂ ಹೊಣೆ ಮಾಡುತ್ತದೆ. ಆದರೆ 87ನೇ ಕಲಮಿನ ಒಂದು ವಿನಾಯಿತಿಯನ್ನು ಮಾಲೀಕರು ಗಮನಿಸಬೇಕು. ಕೆಲಸದ ಸ್ಥಳಕ್ಕೆಂದು ಕೊಂಡ ಯಂತ್ರದ ಎಚ್ಚರಿಕೆ, ಸೂಚನೆಗಳನ್ನು ತಯಾರಕರು ಮಾಲೀಕರಿಗೆ ಕೊಟ್ಟಿದ್ದರೆ, ಎಚ್ಚರಿಕೆ ಸಾಲದು ಎಂದು ತಯಾರಕರ ಮೇಲೆ ದೂರುವಂತಿಲ್ಲ. ಆ ಪುಸ್ತಕ ಕಚೇರಿಯ ಬೀರುವಿನಲ್ಲೇ ಉಳಿದರೆ ಅಪಾಯ ಕಾರ್ಮಿಕರಿಗೆ, ಉತ್ತರ ಹೇಳಬೇಕಾದವರು ಮಾಲೀಕರು.

ಕಾರ್ಮಿಕರಿಗೆ ಪರಿಹಾರ
ಇ.ಎಸ್.ಐ. ಇದ್ದಲ್ಲಿ ಅದರ ಮೂಲಕ, ಇಲ್ಲದಲ್ಲಿ ಮಾಲೀಕರಿಂದ ಪರಿಹಾರ ಕೇಳಬಹುದು. ಇದಕ್ಕೆ ಮಾಲೀಕರ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಗಾಯವಾಯಿತು ಎಂಬುದು ಮುಖ್ಯ.

ಸದಸ್ಯರು ಮಾಡಬೇಕಾದದ್ದು
ಮಾಲೀಕರು ಸುರಕ್ಷತಾ ಸೂಚನೆಗಳನ್ನು ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ, ತಮಿಳು, ಕನ್ನಡ, ಹಿಂದಿ ಯಾವುದಾದರೂ ಸರಿ, ಯಂತ್ರದ ಬಳಿಯೇ ಹಾಕಿಸಿ. ತರಬೇತಿಯ ದಿನಾಂಕ, ಸಾಫ್ಟ್‌ವೇರ್ ಬದಲಾವಣೆ ಮತ್ತು ರಿಪೇರಿಯ ದಾಖಲೆ ಇಡಿ. ಕಾರ್ಮಿಕರು ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಎಲ್ಲಿದೆ ಎಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ.