ಕಾಲ: ವ್ಯಾಕರಣದಲ್ಲಿ, ಆಡುಮಾತಿನಲ್ಲಿ

ಕಾಲ ಎಂಬುದು ವ್ಯಾಕರಣದಲ್ಲಿ ಕ್ರಿಯಾಪದದ ಒಂದು ಬಗೆಯ ರೂಪಭೇದಕ್ಕೆ ಇಟ್ಟ ಹೆಸರು. ಧಾತುವಿಗೂ ಪದದ ಕೊನೆಯಲ್ಲಿ ನಿಲ್ಲುವ ಆಖ್ಯಾತ ಪ್ರತ್ಯಯಕ್ಕೂ ನಡುವೆ ಸೇರುವ ಪ್ರತ್ಯಯದಿಂದ ಈ ಭೇದ ಗೊತ್ತಾಗುತ್ತದೆ. ಶಾಲೆಯ ಪುಸ್ತಕಗಳು ಬಿಡಿಸಿ ತೋರಿಸುವಂತೆ ಮಾಡು+ಉತ್ತ+ಆನೆ ವರ್ತಮಾನ, ಮಾಡು+ದ+ಅನು ಭೂತ, ಮಾಡು+ವ+ಅನು ಭವಿಷ್ಯತ್. ಆಡುಮಾತಿನ ಕಾಲ ಹೀಗೆ ಪದದೊಳಗೆ ಕೂತಿರುವುದಲ್ಲ. ಮಳೆಗಾಲ, ಸುಗ್ಗಿಯ ಕಾಲ, ಅಜ್ಜನ ಕಾಲ, ಕೇಡುಗಾಲ ಎನ್ನುವಾಗ ನಾವು ಹೇಳುವುದು ಹೊತ್ತನ್ನು, ಋತುವನ್ನು, ಬದುಕು ಸಾಗುವ ಬಗೆಯನ್ನು. ಹಿರಿಯರು ತೀರಿಕೊಂಡರೆ ‘ಕಾಲವಾದರು’ ಎನ್ನುತ್ತೇವೆ. ಎರಡಕ್ಕೂ ಸಂಸ್ಕೃತದಿಂದ ಬಂದ ಒಂದೇ ಪದ ಬಳಕೆಯಲ್ಲಿರುವುದರಿಂದ, ಪದದ ರೂಪವನ್ನು ನೋಡಿಯೇ ಘಟನೆ ನಡೆದ ಹೊತ್ತನ್ನು ಹೇಳಿಬಿಡಬಹುದು ಎಂಬ ನಂಬಿಕೆ ಶಾಲೆಯಿಂದಲೇ ಬೇರೂರುತ್ತದೆ. ಅದು ಅರ್ಧ ಮಾತ್ರ ನಿಜ.

ಮೂರು ಕಾಲಗಳ ಹೆಸರಿಗೂ ಇಂಥ ಜೋಡಿ ಬಾಳು ಇದೆ. ವ್ಯಾಕರಣದಲ್ಲಿ ‘ಭೂತ’ ಎಂದರೆ ಆಗಿಹೋದದ್ದು. ಊರಿನಲ್ಲಿ ಅದು ದೆವ್ವ, ತುಳುನಾಡಿನಲ್ಲಿ ಕೋಲ ಕಟ್ಟಿ ಆರಾಧಿಸುವ ದೈವ. ‘ವರ್ತಮಾನ’ ಎಂದರೆ ನಡೆಯುತ್ತಿರುವುದು, ‘ಏನು ವರ್ತಮಾನ?’ ಎಂದು ನೆಂಟರನ್ನು ಕೇಳಿದರೆ ಅವರು ಹೇಳುವುದು ಸುದ್ದಿಯನ್ನು, ಅದೂ ಬಹುಮಟ್ಟಿಗೆ ಕಳೆದ ವಾರದ್ದನ್ನು. ‘ಭವಿಷ್ಯತ್’ ಎಂದರೆ ಆಗಲಿರುವುದು. ಅದರ ತುಂಡಾದ ‘ಭವಿಷ್ಯ’ ಪತ್ರಿಕೆಯ ರಾಶಿಫಲದ ಅಂಕಣದಲ್ಲೂ ನೌಕರರ ಭವಿಷ್ಯನಿಧಿಯಲ್ಲೂ ನೆಲೆಸಿದೆ. ಮೂಲದಲ್ಲಿ ಮೂರೂ ಪಾರಿಭಾಷಿಕ ಪದಗಳಲ್ಲ. ಭೂ, ವೃತ್ ಧಾತುಗಳಿಂದ ಹುಟ್ಟಿದ ಸಾಮಾನ್ಯ ಕೃದಂತಗಳನ್ನು ವೈಯಾಕರಣರು ಎತ್ತಿಕೊಂಡು ತಮ್ಮ ಕೆಲಸಕ್ಕೆ ಹಚ್ಚಿದರು.

ಹೊತ್ತು ಬೇರೆ, ರೂಪ ಬೇರೆ ಎಂಬ ಎಚ್ಚರ ಭಾರತದ ವ್ಯಾಕರಣ ಪರಂಪರೆಗೆ ಹೊಸದಲ್ಲ. ಪಾಣಿನಿ ಕ್ರಿಯಾರೂಪಗಳಿಗೆ ಕಾಲದ ಹೆಸರು ಕೊಡಲೇ ಇಲ್ಲ. ಲಟ್, ಲಿಟ್, ಲುಙ್ ಎಂದು ಹತ್ತು ಲಕಾರಗಳನ್ನು ಕಟ್ಟಿ, ಯಾವುದು ಯಾವ ಸಂದರ್ಭಕ್ಕೆ ಎಂದು ಬೇರೆಯಾಗಿ ವಿಧಿಸಿದ. ಆಗಿಹೋದ ಹೊತ್ತು ಒಂದೇ, ಅದನ್ನು ಹೇಳಲು ಸಂಸ್ಕೃತದಲ್ಲಿ ಮೂರು ಲಕಾರ: ಸಾಮಾನ್ಯವಾಗಿ ಆದದ್ದಕ್ಕೆ ಒಂದು, ಇಂದಿನದಲ್ಲದ್ದಕ್ಕೆ ಒಂದು, ಹೇಳುವವನು ಕಣ್ಣಾರೆ ಕಾಣದ್ದಕ್ಕೆ ಇನ್ನೊಂದು. ಇದಕ್ಕಿಂತ ಸೊಗಸಾದ ಮಾತು ಅವನ ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ಎರಡನೆಯ ಪಾದದಲ್ಲಿದೆ. ಕಾಲದ ಲಕ್ಷಣವನ್ನು ವ್ಯಾಕರಣ ಕಲಿಸಬೇಕಾಗಿಲ್ಲ, ಅದು ಲೋಕದ ಬಳಕೆಯಿಂದಲೇ ತಿಳಿಯುತ್ತದೆ ಎಂಬುದು ಅಲ್ಲಿನ ಒಂದು ಸೂತ್ರದ ಆಶಯ. ‘ಇಂದು’ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂದು ವೈಯಾಕರಣ ಅಳೆದು ಕೊಡಬೇಕಿಲ್ಲ, ಜನಕ್ಕೆ ಅದು ಗೊತ್ತಿದೆ. ಕಾಶಿಕಾವೃತ್ತಿ ಪಾಣಿನಿಯ ವ್ಯಾಕರಣವನ್ನು ‘ಅಕಾಲಕ’ ಎಂದು ಕರೆದಿರುವುದನ್ನು ಈ ಅರ್ಥದಲ್ಲೇ ವಿವರಿಸುತ್ತಾರೆ. ಕಾಲ ಎಂಬುದರ ತತ್ತ್ವವೇನು ಎಂಬ ಪ್ರಶ್ನೆಗೆ ಭರ್ತೃಹರಿ ವಾಕ್ಯಪದೀಯದ ಮೂರನೆಯ ಕಾಂಡದಲ್ಲಿ ಕಾಲಸಮುದ್ದೇಶವೆಂಬ ಭಾಗವನ್ನೇ ಮೀಸಲಿಟ್ಟ.

ಕನ್ನಡದಲ್ಲಿ ಈ ವಿಷಯಕ್ಕೆ ಮುಖ್ಯ ಆಧಾರ ಕೇಶಿರಾಜನ ಶಬ್ದಮಣಿದರ್ಪಣ, ಸುಮಾರು 1260ರ ಗ್ರಂಥ. ಅದರ ಆಖ್ಯಾತ ಪ್ರಕರಣದಲ್ಲಿ ಭೂತಕ್ಕೆ ದ, ವರ್ತಮಾನಕ್ಕೆ ದಪ, ಭವಿಷ್ಯತ್ತಿಗೆ ವ ಎಂಬ ಪ್ರತ್ಯಯಗಳಿವೆ. ನಡುವಿನ ‘ದಪ’ವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ‘ಮಾಡಿದಪಂ’ ಎಂದರೆ ಹಳಗನ್ನಡದಲ್ಲಿ ಮಾಡುತ್ತಾನೆ. ಆದರೆ ಅದರ ಹೊಟ್ಟೆಯಲ್ಲಿ ಭೂತದ ‘ದ’ ಇದೆ; ಅದಕ್ಕೆ ಆಗು ಧಾತುವಿನ ರೂಪ ಬೆಸೆದು ವರ್ತಮಾನ ಆಯಿತೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ‘ದಪ’ ಮುಂದೆ ಬಳಕೆ ತಪ್ಪಿತು. ಹೊಸಗನ್ನಡ ಆ ಜಾಗಕ್ಕೆ ತಂದ ‘ಉತ್ತ’ ಕೂಡ ಈಗಿನ ಹೊತ್ತನ್ನೇ ಹೇಳುವ ಪ್ರತ್ಯಯವಲ್ಲ. ‘ಮಗು ನಗುತ್ತ ಬಂತು’ ಎಂಬಲ್ಲಿ ನಗುವೂ ಮುಗಿದಿದೆ, ಬರುವುದೂ ಮುಗಿದಿದೆ. ‘ಉತ್ತ’ ಅಲ್ಲಿ ಹೇಳುವುದು ಎರಡೂ ಒಟ್ಟಿಗೆ ನಡೆದವು ಎಂಬುದನ್ನಷ್ಟೇ.

ಆಡುಮಾತಿಗೆ ಬಂದರೆ ರೂಪವೂ ಹೊತ್ತೂ ಬೇರೆ ದಾರಿ ಹಿಡಿಯುವುದು ಹೆಜ್ಜೆ ಹೆಜ್ಜೆಗೂ ಕಾಣುತ್ತದೆ. ತಾಯಿ ಅಡುಗೆಮನೆಯಿಂದ ‘ಊಟಕ್ಕೆ ಬಾರೋ’ ಎಂದು ಕೂಗುತ್ತಾಳೆ. ಮಗ ಅಂಗಳದಿಂದ ‘ಬಂದೆ ಅಮ್ಮಾ’ ಎನ್ನುತ್ತಾನೆ. ಅವನು ಬಂದಿಲ್ಲ, ಚೆಂಡನ್ನೂ ಕೆಳಗಿಟ್ಟಿಲ್ಲ. ಆದರೂ ಅವನ ಮಾತು ಸುಳ್ಳಲ್ಲ, ತಪ್ಪು ಕನ್ನಡವೂ ಅಲ್ಲ. ನೆಂಟರ ಮನೆಯಲ್ಲಿ ಚೀಲ ಎತ್ತಿಕೊಳ್ಳುತ್ತ ‘ನಾನಿನ್ನು ಹೊರಟೆ’ ಎನ್ನುವವರು ಆಮೇಲೂ ಅರ್ಧ ಗಂಟೆ ಬಾಗಿಲಲ್ಲಿ ನಿಂತು ಮಾತಾಡುತ್ತಾರೆ. ದೂರದ ತಿರುವಿನಲ್ಲಿ ಬಸ್ಸಿನ ಮೂತಿ ಕಂಡೊಡನೆ ‘ಬಸ್ ಬಂತು, ಬಸ್ ಬಂತು’ ಎಂದು ನಿಲ್ದಾಣವೆಲ್ಲ ಏಳುತ್ತದೆ. ಕಾಲು ಜಾರಿದವನು ‘ಸತ್ತೆ!’ ಎಂದು ಕೂಗಿ, ಎದ್ದು ಮೈ ಕೊಡವಿಕೊಳ್ಳುತ್ತಾನೆ. ಇಲ್ಲೆಲ್ಲ ಭೂತಕಾಲದ ರೂಪ ಹೇಳುವುದು ಕಳೆದುಹೋದದ್ದನ್ನಲ್ಲ. ಇನ್ನೇನು ಆಗಿಯೇ ಬಿಟ್ಟಿತು ಎಂಬ ಖಚಿತತೆಯನ್ನು. ಹೀಗೆ ಪಕ್ಕದ ಹೊತ್ತಿಗೆ ರೂಪವೊಂದು ಕೈ ಚಾಚುವುದನ್ನು ಪಾಣಿನಿಯೂ ಗಮನಿಸಿದ್ದ. ವರ್ತಮಾನಕ್ಕೆ ತೀರ ಸಮೀಪದ ಭೂತ, ಭವಿಷ್ಯತ್ತುಗಳನ್ನು ವರ್ತಮಾನದ ರೂಪದಲ್ಲೇ ಹೇಳಬಹುದೆಂದು ಅವನ ಮೂರನೆಯ ಅಧ್ಯಾಯ ಒಪ್ಪುತ್ತದೆ. ಕನ್ನಡ ಅದೇ ಸಲಿಗೆಯನ್ನು ಭೂತದ ರೂಪಕ್ಕೆ ಕೊಟ್ಟಿದೆ.

‘ಬಂದಿತು’, ‘ಬಂದೀತು’ ಎಂಬ ಜೋಡಿ ಇನ್ನೂ ಸೂಕ್ಷ್ಮ. ಬರೆಯುವಾಗ ಇರುವ ವ್ಯತ್ಯಾಸ ಒಂದು ದೀರ್ಘದ ಗುರುತು. ‘ಮಳೆ ಬಂದಿತು’ ಎಂದರೆ ಅಂಗಳ ಒದ್ದೆಯಾಗಿದೆ. ‘ಮಳೆ ಬಂದೀತು’ ಎಂದರೆ ಒಣಹಾಕಿದ ಹಪ್ಪಳವನ್ನು ಒಳಗೆ ತರಬೇಕು. ಎರಡರ ಅಡಿಯಲ್ಲೂ ಇರುವುದು ‘ಬಂದ್’ ಎಂಬ ಭೂತದ ಅಂಗವೇ, ಎರಡನೆಯದು ನೋಡುತ್ತಿರುವುದು ಮಾತ್ರ ಮುಂದಕ್ಕೆ. ವ್ಯಾಕರಣ ಇದನ್ನು ಕಾಲದಿಂದ ಬಿಡಿಸಿ ಸಂಭಾವನಾರ್ಥಕ ಎಂದು ಬೇರೆ ಹೆಸರಿಟ್ಟು ಕರೆದಿರುವುದು ಸರಿಯಾಗಿಯೇ ಇದೆ. ‘ಮರ ಹತ್ತಬೇಡ, ಬಿದ್ದೀಯ’ ಎಂಬ ಎಚ್ಚರಿಕೆಯಲ್ಲೂ ‘ನಾಳೆ ಮಳೆ ಬಂದರೆ’ ಎಂಬ ಷರತ್ತಿನಲ್ಲೂ ಇದೇ ಅಂಗ ಕೆಲಸ ಮಾಡುತ್ತದೆ. ಇನ್ನು ದಿನಕ್ಕೆ ನೂರು ಬಾರಿ ಬಳಸುವ ‘ಇದ್ದಾನೆ’ಯನ್ನು ನೋಡಿ. ಅಪ್ಪಟ ವರ್ತಮಾನ, ಬಿಡಿಸಿದರೆ ಸಿಗುವುದು ‘ಇದ್ದನು’ವಿನಲ್ಲಿರುವ ‘ಇದ್ದ್’. ಹೊತ್ತು ಬದಲಾದದ್ದು ಕೊನೆಯ ಪ್ರತ್ಯಯದಿಂದ.

ಭವಿಷ್ಯತ್ ಕಾಲದ ವಿಚಾರ ವಿವಾದದ್ದು. ‘ನಾಳೆ ಬರುವೆನು’ ಎಂದು ಆಡುಮಾತಿನಲ್ಲಿ ಯಾರೂ ಹೇಳುವುದಿಲ್ಲ. ‘ನಾಳೆ ಬರ್ತೀನಿ’ ಎನ್ನುತ್ತಾರೆ. ಶಾಲೆಯ ಲೆಕ್ಕದಲ್ಲಿ ಅದು ವರ್ತಮಾನದ ರೂಪ. ಇತ್ತ ಭವಿಷ್ಯತ್ತಿನದೆಂದು ಹೇಳುವ ‘ವ’ ರೂಪ ಬರಹದಲ್ಲಿ ರೂಢಿಯನ್ನು ಹೇಳಲು ಬರುತ್ತದೆ: ‘ಯುಗಾದಿಯಂದು ಬೇವು ಬೆಲ್ಲ ತಿನ್ನುವರು’. ಇದು ಮುಂದಿನ ಯುಗಾದಿಯ ಮಾತಲ್ಲ, ಎಲ್ಲ ಯುಗಾದಿಗಳ ಮಾತು. ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರು ಇಂಥ ಬಳಕೆಗಳನ್ನು ಮುಂದಿಟ್ಟು, ಕನ್ನಡದ ಕ್ರಿಯಾಪದಕ್ಕಿರುವುದು ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ವಿಭಾಗ, ಮೂರರ ಲೆಕ್ಕ ಸಂಸ್ಕೃತ ವ್ಯಾಕರಣದ ಚೌಕಟ್ಟಿನಿಂದ ಬಂದದ್ದು ಎಂದು ವಾದಿಸಿದರು. ಭದ್ರಿರಾಜು ಕೃಷ್ಣಮೂರ್ತಿಯವರು ದ್ರಾವಿಡ ಭಾಷೆಗಳನ್ನು ಕುರಿತ 2003ರ ತಮ್ಮ ಗ್ರಂಥದಲ್ಲಿ ಮೂಲ ದ್ರಾವಿಡಕ್ಕೂ ಇದೇ ಎರಡರ ಭೇದವನ್ನು ಗುರುತಿಸಿದ್ದಾರೆ. ಈ ಲೇಖಕನಿಗೂ ಆಡುಗನ್ನಡದ ಮಟ್ಟಿಗೆ ಭಟ್ಟರ ವಿಂಗಡಣೆಯೇ ಹೆಚ್ಚು ಒಪ್ಪಿಗೆ. ಆದರೆ ಇದರಿಂದ ಕನ್ನಡಿಗರಿಗೆ ನಾಳೆಯ ಅರಿವಿಲ್ಲವೆಂದು ಯಾರಾದರೂ ತೀರ್ಮಾನಿಸಿದರೆ ಅದು ಮತ್ತೆ ಹಳೆಯ ಗೊಂದಲವೇ. ನಾಳೆಯನ್ನು ಹೇಳಲು ಕನ್ನಡಕ್ಕೆ ‘ನಾಳೆ’ ಎಂಬ ಪದವಿದೆ.

ಕಾಲವೇ ಇಲ್ಲದ ಕ್ರಿಯಾರೂಪವೂ ಕನ್ನಡದಲ್ಲಿ ಉಂಟು. ಅರಿಯೆ, ಒಲ್ಲೆ, ಬಾರನು, ಮಾಡೆನು ಮುಂತಾದ ಹಳೆಯ ನಿಷೇಧ ರೂಪಗಳಲ್ಲಿ ಧಾತುವಿಗೆ ನೇರವಾಗಿ ಕೊನೆಯ ಪ್ರತ್ಯಯ ಹತ್ತುತ್ತದೆ, ನಡುವೆ ಏನೂ ಇಲ್ಲ. ‘ಅರಿಯೆ’ ಎಂದರೆ ಅಂದು ತಿಳಿದಿರಲಿಲ್ಲ, ಇಂದು ತಿಳಿದಿಲ್ಲ, ಮುಂದೆ ತಿಳಿಯಲಾರೆ. ಯಾವುದೆಂದು ಸಂದರ್ಭವೇ ಹೇಳಬೇಕು. ಬಾರದು, ಸಾಲದು, ಕೂಡದು, ಬೇಡ ಎಂಬವು ಇಂದಿಗೂ ಹೀಗೇ ಬಾಳುತ್ತಿವೆ. ‘ನನಗೆ ಈಜು ಬಾರದು’ ಎನ್ನುವವನಿಗೆ ಹೊತ್ತಿನ ಪ್ರಜ್ಞೆಯಿಲ್ಲವೆಂದು ಹೇಳುವವರುಂಟೇ?

ಇಂಗ್ಲಿಷಿನವರು ವ್ಯಾಕರಣದ್ದನ್ನು ಟೆನ್ಸ್ ಎಂದೂ ಲೋಕದ್ದನ್ನು ಟೈಮ್ ಎಂದೂ ಕರೆದು ಈ ತೊಡಕನ್ನು ಅಷ್ಟರ ಮಟ್ಟಿಗೆ ತಪ್ಪಿಸಿಕೊಂಡಿದ್ದಾರೆ. ಟೆನ್ಸ್ ಕೂಡ ಮೂಲದಲ್ಲಿ ಹೊತ್ತೆಂಬ ಅರ್ಥದ ಲ್ಯಾಟಿನ್ ಪದವೇ. ಹಿಂದಿಯ ಸ್ಥಿತಿ ಬೇರೆ. ಅಲ್ಲಿ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಹೊತ್ತನ್ನು ಗೊತ್ತುಪಡಿಸುವ ಭಾರ ಪೂರ್ತಿ ಕ್ರಿಯಾಪದದ ಮೇಲೆ ಬೀಳುತ್ತದೆ. ಕನ್ನಡದಲ್ಲಿ ನಿನ್ನೆ, ನಾಳೆ ಬೇರೆ ಬೇರೆ ಪದಗಳಾದ್ದರಿಂದ ಕ್ರಿಯಾಪದದ ಹೆಗಲು ಅಷ್ಟು ಹಗುರ.

ಶಾಲೆಯಲ್ಲಿ ‘ಭವಿಷ್ಯತ್ ಕಾಲಕ್ಕೆ ಬದಲಿಸಿ’ ಎಂದು ಕೇಳಿದರೆ ‘ಬರುವನು’ ಎಂದೇ ಬರೆಯಬೇಕು. ಅಲ್ಲಿ ಕೇಳಿರುವುದು ರೂಪವನ್ನು. ಆದರೆ ಪತ್ರವನ್ನೋ ಪ್ರಬಂಧವನ್ನೋ ಬರೆಯುವ ಮಗು ‘ನಾಳೆ ಅಜ್ಜಿಯ ಊರಿಗೆ ಹೋಗುತ್ತೇನೆ’ ಎಂದು ಬರೆದಿದ್ದರೆ ಮೇಷ್ಟ್ರುಗಳು ದಯವಿಟ್ಟು ಅದರ ಕೆಳಗೆ ಕೆಂಪು ಗೆರೆ ಎಳೆಯಬಾರದು. ಆ ವಾಕ್ಯ ಸರಿಯಾಗಿದೆ.