ಬಿಡಿಭಾಗ ಸಿಗ್ತಿಲ್ವಾ? ಪ್ಲಾಸ್ಟಿಕ್ ಅಚ್ಚು ಮಾಡಿಸೋ ಮುನ್ನ ಇಷ್ಟು ತಿಳ್ಕೊಳ್ಳಿ

ಹುಣಸೂರು: ಔಷಧಿ ಹೊಡೆಯೋ ಸ್ಪ್ರೇಯರ್ ಮುಚ್ಚಳ ಒಡೆದರೂ ಅಷ್ಟೇ, ಹಳೇ ಮಿಕ್ಸಿ ನಾಬ್ ಹೋದರೂ ಅಷ್ಟೇ. ಅಂಗಡೀಲಿ ಸಿಗೋ ಉತ್ತರ ಒಂದೇ: 'ಆ ಪಾರ್ಟ್ ಬರಲ್ಲ, ಹೊಸದೇ ತಗೊಳ್ಳಿ'. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಅಂಗಡಿಯವರು, ರಿಪೇರಿಯವರು ಇಂಥ ಭಾಗವನ್ನು ತಾವೇ ಮಾಡಿಸಬಹುದು. ಆದರೆ ಲೆಕ್ಕ ತಪ್ಪಿದರೆ ಕೈಯಲ್ಲಿ ಉಳಿಯೋದು ಸಾಲ ಮಾತ್ರ.

ಕೆಲಸ ಹೇಗೆ?
ಪ್ಲಾಸ್ಟಿಕ್ ಕಾಳನ್ನು ಬಿಸಿ ಬ್ಯಾರೆಲ್‌ನಲ್ಲಿ ಕರಗಿಸಿ, ಒತ್ತಡ ಕೊಟ್ಟು ಅಚ್ಚಿನೊಳಗೆ ತುಂಬಿಸಿ, ಆರಿದ ಮೇಲೆ ತೆಗೆಯೋದೇ ಇಂಜೆಕ್ಷನ್ ಮೋಲ್ಡಿಂಗ್. ಸಣ್ಣ ಭಾಗಕ್ಕೆ ಕೈಯಲ್ಲಿ ಎಳೆಯೋ ಹಿಡಿಕೆಯ ಯಂತ್ರವೂ ಇದೆ. ಪಿಪಿ ಪ್ಲಾಸ್ಟಿಕ್‌ಗೆ ಸುಮಾರು 200ರಿಂದ 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆರುವಾಗ ಅದು ಶೇ 1ರಿಂದ 2.5ರಷ್ಟು ಕುಗ್ಗುತ್ತೆ. ಹಾಗಾಗಿ ಒಡೆದ ಭಾಗದ ಅಳತೆಯನ್ನೇ ಅಚ್ಚಿಗೆ ಕೊಟ್ಟರೆ ಫಿಟ್ ಆಗಲ್ಲ. ತಂಬಾಕು ಸಸಿ ಬೆಳೆಸೋ ತೆಳು ಟ್ರೇಗಳದ್ದು ಬೇರೆ ವಿಧಾನ: ಅಲ್ಲಿ ಹಾಳೆಯನ್ನು ಬಿಸಿ ಮಾಡಿ ಅಚ್ಚಿಗೆ ಎಳೀತಾರೆ.

ದುಡ್ಡು ಹೋಗೋದು ಎಲ್ಲಿ?
ಕಾಳಿಗಲ್ಲ, ಅಚ್ಚಿಗೆ. ಉದಾಹರಣೆಗೆ ಅಚ್ಚಿಗೆ 40,000 ರೂ. ಆಯ್ತು ಅಂದ್ಕೊಳ್ಳಿ. 200 ಪೀಸ್ ಮಾಡಿದರೆ ಒಂದರ ಮೇಲೆ ಅಚ್ಚಿನ ಖರ್ಚೇ 200 ರೂ. ಬೀಳುತ್ತೆ. 2,000 ಪೀಸ್ ಆದರೆ ಬರೀ 20 ರೂ. ಹತ್ತಿಪ್ಪತ್ತು ಪೀಸ್ ಸಾಕಾದರೆ 3ಡಿ ಪ್ರಿಂಟ್ ಲೇಸು. ಕೆಲವು ನೂರು ಬೇಕಾದರೆ ಅಲ್ಯೂಮಿನಿಯಂ ಅಚ್ಚು ನೋಡಬಹುದು. ವರ್ಷಗಟ್ಟಲೆ ಸಾವಿರಾರು ಪೀಸ್ ಹೊಡೆಯೋದಿದ್ದರೆ ಉಕ್ಕಿನ ಅಚ್ಚೇ ಬೇಕು.

ಯಾವುದಕ್ಕೂ ಮೊದಲು 3ಡಿ ಪ್ರಿಂಟ್ ಸ್ಯಾಂಪಲ್ ತೆಗೆಸಿ, ಯಂತ್ರಕ್ಕೆ ಕೂರಿಸಿ ನೋಡಬೇಕು. ಅಚ್ಚು ಕೊರೆದ ಮೇಲೆ ತಿದ್ದೋದು ದುಬಾರಿ.

ಎಲ್ಲಿ ವಿಚಾರಿಸೋದು?
ಪ್ಲಾಸ್ಟಿಕ್ ತಂತ್ರಜ್ಞಾನಕ್ಕೆಂದೇ ಇರೋ ಕೇಂದ್ರ ಸರ್ಕಾರದ ಸಂಸ್ಥೆ ಸಿಪೆಟ್ ಮೈಸೂರಿನಲ್ಲೇ ಇದೆ. ಅಚ್ಚು ತಯಾರಿಕೆ ಕಲಿಸೋ ರಾಜ್ಯ ಸರ್ಕಾರದ ಜಿಟಿಟಿಸಿ ಕೂಡ ಅಲ್ಲೇ ಇದೆ. ಸಾಲ, ಸಬ್ಸಿಡಿ ವಿಚಾರಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಬೇಕು. ಪಿಎಂಇಜಿಪಿಯಲ್ಲಿ ಉತ್ಪಾದನಾ ಘಟಕದ ಯೋಜನಾ ವೆಚ್ಚದ ಮಿತಿಯನ್ನು 2022ರಲ್ಲಿ 50 ಲಕ್ಷ ರೂ.ಗೆ ಏರಿಸಲಾಯಿತು. ಹಳ್ಳಿ ಭಾಗದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25, ಮಹಿಳೆಯರೂ ಸೇರಿದ ವಿಶೇಷ ವರ್ಗಕ್ಕೆ ಶೇ 35 ಸಬ್ಸಿಡಿ ಗೊತ್ತುಮಾಡಲಾಗಿದೆ. ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ; ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇದು ನೆನಪಿರಲಿ: ಒಮ್ಮೆ ಬಳಸಿ ಎಸೆಯೋ ಪ್ಲಾಸ್ಟಿಕ್ ಚಮಚ, ಫೋರ್ಕ್, ತಟ್ಟೆ, ಲೋಟ ತಯಾರಿಸೋದನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. 'ಚಮಚದ ಅಚ್ಚು ಅಗ್ಗಕ್ಕೆ ಸಿಗುತ್ತೆ' ಅಂತ ಯಾರಾದರೂ ಬಂದರೆ ಅಡ್ವಾನ್ಸ್ ಕೊಡೋ ಮುಂಚೆ ಈ ದಿನಾಂಕ ನೆನಪಿಸಿಕೊಳ್ಳಿ.